ಗೇರಿಲ್ಲದ ಗಾಡಿಯ ಒಳಗುಟ್ಟು: ಎರಡು ರಾಟೆ, ಒಂದು ಬೆಲ್ಟು, ಒಂದು ನಟ್ಟು



ಕಥೆ, ಕವಿತೆ, ಪುಸ್ತಕ ಪರಿಚಯಗಳನ್ನು ಹೊತ್ತು ಬರುವ ಈ ಮಿಂಚೆಯಲ್ಲಿ ಕ್ಲಚ್ ರಿಪೇರಿಗೆ ಏನು ಕೆಲಸ ಎಂದು ನೀವು ಹುಬ್ಬೇರಿಸಬಹುದು. ನಮ್ಮ ಸಮಜಾಯಿಷಿ ಚಿಕ್ಕದು. ನಾವಿರುವ ಹೂಫ್‌ಡಾರ್ಪ್ ಯಂತ್ರದ ಕೂಸು. ಮೂರು ಉಗಿಯಂತ್ರಗಳು ಹಗಲಿರುಳು ನೀರೆತ್ತಿ 1852ರ ಹೊತ್ತಿಗೆ ಹಾರ್ಲೆಮ್ಮರ್‌ಮೇರ್ ಸರೋವರವನ್ನು ಬತ್ತಿಸದೆ ಹೋಗಿದ್ದರೆ ಇಂದು ನಮ್ಮ ಮನೆಗಳಿರುವ ಜಾಗದಲ್ಲಿ ಅಲೆಗಳಿರುತ್ತಿದ್ದವು. ಆ ಮೂರರಲ್ಲಿ ಒಂದಾದ ಕ್ರುಕಿಯಸ್‌ನ ಯಂತ್ರ ಇಲ್ಲೇ ಪಕ್ಕದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಯಂತ್ರದ ಋಣದಲ್ಲಿ ಬದುಕುವವರು ವರ್ಷಕ್ಕೊಮ್ಮೆಯಾದರೂ ಯಂತ್ರದ ಮಾತಾಡುವುದು ತಪ್ಪಲ್ಲ.

ಇನ್ನೊಂದು ಕಾರಣವೂ ಇದೆ. ಚಳಿಗಾಲದ ರಜೆಗೆ ಲ್ಯಾಪ್‌ಲ್ಯಾಂಡಿನ ಕಡೆ ಹೋಗಿಬಂದ ಗೆಳೆಯರು ಹಿಮದ ಮೇಲೆ ಓಡುವ 'ಸ್ನೋಮೊಬೈಲ್' ಬಗ್ಗೆ ಹೇಳುವ ಮಾತು ಒಂದೇ: "ಗೇರೂ ಇಲ್ಲ, ಕ್ಲಚ್ಚೂ ಇಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಓಡುತ್ತದೆ." ಗೇರಿಲ್ಲ ಎನ್ನುವುದು ಸರಿ. ಕ್ಲಚ್ಚಿಲ್ಲ ಎನ್ನುವುದು ಮಾತ್ರ ಸರಿಯಲ್ಲ. ಇದೆ, ಅದೂ ಎರಡು! ಕೈಗೆ ಸಿಗುವ ಹಿಡಿಯಿಲ್ಲ, ಅಷ್ಟೇ. ಮೈಸೂರಿನಲ್ಲಿ ಅಪ್ಪ ಓಡಿಸುವ ಆಕ್ಟಿವಾದಲ್ಲಿರುವುದೂ, ಹೂಫ್‌ಡಾರ್ಪ್‌ನಲ್ಲಿ ನಮ್ಮ ಮಕ್ಕಳು ಕಾಲೇಜಿಗೆ ಓಡಿಸುವ ಪುಟ್ಟ ಸ್ಕೂಟರಿನಲ್ಲಿರುವುದೂ ಅದೇ ವ್ಯವಸ್ಥೆ. ಈ ತಗ್ಗುನೆಲದಲ್ಲಿ ಹಿಮಬಂಡಿ ಓಡಿಸುವಷ್ಟು ಹಿಮ ಬೀಳುವುದಿಲ್ಲ. ಆದ್ದರಿಂದ ಸ್ಕೂಟರನ್ನೇ ಬಿಚ್ಚಿ ನೋಡೋಣ. ಅದು ಅರ್ಥವಾದರೆ ಹಿಮಬಂಡಿ ಮುಕ್ಕಾಲು ಪಾಲು ಅರ್ಥವಾದಂತೆ.

ಒಳಗೆ ಏನು ನಡೆಯುತ್ತದೆ?

ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ನಡುವೆ ಕಂಠ, ಎರಡು ಬದಿಗೆ ಇಳಿಜಾರು ಗೋಡೆ, ಹಗ್ಗ ಕಂಠದಲ್ಲಿ ಕೂರುತ್ತದೆ. ಈಗ ಆ ರಾಟೆಯನ್ನು ನಡುವೆ ಸೀಳಿ ಎರಡು ತಟ್ಟೆ ಮಾಡಿ. ತಟ್ಟೆಗಳನ್ನು ದೂರ ಸರಿಸಿದರೆ ಹಗ್ಗ ಒಳಕ್ಕೆ ಇಳಿದು ಚಿಕ್ಕ ಸುತ್ತು ಹಾಕುತ್ತದೆ. ಹತ್ತಿರ ಒತ್ತಿದರೆ ಹಗ್ಗ ಅಂಚಿನ ಕಡೆಗೆ ಏರಿ ದೊಡ್ಡ ಸುತ್ತು ಹಾಕುತ್ತದೆ. ಗೇರಿಲ್ಲದ ಗಾಡಿಯ ತತ್ವ ಪೂರ್ತಿ ಇಷ್ಟೇ. ಹಗ್ಗದ ಬದಲು ರಬ್ಬರಿನ ಬೆಲ್ಟು. ಅದರ ಅಡ್ಡಕೊಯ್ತ ಇಂಗ್ಲಿಷಿನ 'ವಿ' ಅಕ್ಷರದಂತೆ ಕೆಳಗೆ ಕಿರಿದು, ಮೇಲೆ ಅಗಲ.

ಇಂಜಿನ್ನಿನ ದಂಡಕ್ಕೆ ಕೂರಿಸಿದ ಮುಂದಿನ ರಾಟೆಗೆ 'ವೇರಿಯೇಟರ್' ಎಂದು ಹೆಸರು. ಹಿಂದಿನ ರಾಟೆ ಹಿಂಚಕ್ರದ ಕಡೆಗಿದೆ. ಗಾಡಿ ಹೊರಡುವಾಗ ಬೆಲ್ಟು ಮುಂದೆ ಚಿಕ್ಕ ಸುತ್ತು, ಹಿಂದೆ ದೊಡ್ಡ ಸುತ್ತು ಹಾಕುತ್ತಿರುತ್ತದೆ. ಸೈಕಲ್ಲಿನಲ್ಲಿ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿ ಹೊರಟಂತೆ. ವೇಗ ಹೆಚ್ಚಿದಂತೆ ಇದು ತಾನಾಗಿ ತಿರುವುಮುರುವಾಗುತ್ತದೆ.

ತಾನಾಗಿ ಎಂದರೆ ಹೇಗೆ? ಮುಂದಿನ ರಾಟೆಯ ಒಂದು ತಟ್ಟೆಯ ಬೆನ್ನಿಗೆ, ಸಾಮಾನ್ಯವಾಗಿ ಆರು ಪುಟ್ಟ ಉರುಳೆಗಳು ಕೂತಿರುತ್ತವೆ. ಇವೇ 'ರೋಲರ್'ಗಳು. 50 ಸಿಸಿ ಗಾಡಿಯಲ್ಲಿ ಒಂದೊಂದರ ತೂಕ ಕೆಲವೇ ಗ್ರಾಂ. ಜಾತ್ರೆಯ ತಿರುಗುವ ತೊಟ್ಟಿಲಿನಲ್ಲಿ ಕೂತವರು ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮುತ್ತಾರಲ್ಲ, ಹಾಗೆ ಈ ಉರುಳೆಗಳು ಹೊರಕ್ಕೆ ಸರಿದು, ಇಳಿಜಾರನ್ನು ಹತ್ತಿ, ತಟ್ಟೆಯನ್ನು ಒತ್ತುತ್ತವೆ. ಬೆಲ್ಟು ಮುಂದೆ ಮೇಲೇರುತ್ತದೆ. ಬೆಲ್ಟಿನ ಉದ್ದ ಬದಲಾಗದು. ಮುಂದೆ ಏರಿದ್ದಕ್ಕೆ ಹಿಂದೆ ಇಳಿಯಲೇಬೇಕು. ಹಿಂದಿನ ತಟ್ಟೆಗಳನ್ನು ಒತ್ತಿ ಹಿಡಿದಿರುವ ದಪ್ಪ ಸ್ಪ್ರಿಂಗನ್ನು ಬಗ್ಗಿಸಿ ಅದು ಒಳಗಿಳಿಯುತ್ತದೆ.

ಹಿಂದಿನ ರಾಟೆಗೆ ಇನ್ನೊಂದು ಜಾಣತನವಿದೆ. ಅದರ ಜಾರುವ ತಟ್ಟೆಯ ಕೊಳವೆಯಲ್ಲಿ ಓರೆಯಾದ ಗಾಡಿಗಳು (ಅಂದರೆ ಸೀಳುದಾರಿಗಳು), ಅವುಗಳಲ್ಲಿ ಕೀಲುಗಳು. ಚಾಮುಂಡಿ ಬೆಟ್ಟದ ಏರಿನಲ್ಲಿ ಚಕ್ರಕ್ಕೆ ಭಾರ ಬಿದ್ದಾಗ ತಟ್ಟೆ ಈ ಓರೆದಾರಿಯಲ್ಲಿ ತಿರುಚಿಕೊಂಡು ಬೆಲ್ಟನ್ನು ಬಿಗಿಯಾಗಿ ಅಮುಕುತ್ತದೆ. ಬೆಲ್ಟು ಹಿಂದೆ ಮೇಲೇರಿ, ಗೇರು ಇಳಿಸಿದಂತಾಗುತ್ತದೆ. ನಮ್ಮೂರಿನಲ್ಲಿ ಏರು ಎಂದರೆ ಎ4 ಹೆದ್ದಾರಿ ದಾಟುವ ಸೇತುವೆ, ಅಷ್ಟೇ. ಆದರೂ ಕೆಲಸ ಅದೇ.

ಕೊನೆಯದಾಗಿ, ಸ್ಕೂಟರಿನ ಹಿಂದಿನ ರಾಟೆಯ ಹೊರಬದಿಗೆ ಮೂರು 'ಕ್ಲಚ್ ಶೂ'ಗಳಿವೆ. ಇಂಜಿನ್ ನಿಧಾನವಾಗಿ ತಿರುಗುವಾಗ ಚಿಕ್ಕ ಸ್ಪ್ರಿಂಗುಗಳು ಇವನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ, ಗಾಡಿ ನಿಂತಲ್ಲೇ ಇರುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಶೂಗಳು ಹೊರಕ್ಕೆ ಚಾಚಿ, ಸುತ್ತಲಿನ ಗಂಟೆಯಾಕಾರದ ಡ್ರಮ್ಮನ್ನು ಒಳಗಿನಿಂದ ಹಿಡಿಯುತ್ತವೆ. ಗಾಡಿ ಹೊರಡುತ್ತದೆ.

ತೂಕ ಮತ್ತು ಸ್ಪ್ರಿಂಗು. ಒಂದು ಹೊರಕ್ಕೆ ತಳ್ಳುತ್ತದೆ, ಒಂದು ಒಳಕ್ಕೆ ಎಳೆಯುತ್ತದೆ. ಅವುಗಳ ಒಪ್ಪಂದವೇ ಗಾಡಿಯ ನಡಿಗೆ. ಸವೆತ ಎಂದರೆ ಈ ಒಪ್ಪಂದ ಮೆಲ್ಲಗೆ ಮುರಿಯುವುದು.

ಐಂಡ್‌ಹೋವನ್‌ನಿಂದ ಕೋಲಾರದವರೆಗೆ

ಈ ಕಥೆಯಲ್ಲಿ ನಮ್ಮ ಎರಡನೆಯ ನಾಡಿಗೆ ದೊಡ್ಡ ಪಾಲಿದೆ. ಇಂಥ ಬೆಲ್ಟನ್ನು ಕಾರಿಗೆ ಅಳವಡಿಸಿ ಅಂಗಡಿಗೆ ತಂದವರು ಡಚ್ಚರೇ. ಐಂಡ್‌ಹೋವನ್‌ನಲ್ಲಿ ಡಾಫ್ ಕಂಪನಿ ಕಟ್ಟಿದ ಹುಬ್ ವಾನ್ ಡೋರ್ನ (1900–1979) ರೂಪಿಸಿದ 'ವೇರಿಯೊಮ್ಯಾಟಿಕ್' ವ್ಯವಸ್ಥೆಯ ಡಾಫ್ 600 ಕಾರು 1958ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ರಾಯ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 590 ಸಿಸಿಯ ಎರಡು ಸಿಲಿಂಡರು, ಹಿಂಚಕ್ರಗಳಿಗೆ ಎರಡು ರಬ್ಬರ್ ಬೆಲ್ಟು. ತಮಾಷೆಯೆಂದರೆ ಈ ಕಾರು ಮುಂದಕ್ಕೆ ಎಷ್ಟು ವೇಗವಾಗಿ ಓಡುತ್ತಿತ್ತೋ ಹಿಂದಕ್ಕೂ ಅಷ್ಟೇ ವೇಗವಾಗಿ ಓಡಬಲ್ಲದಾಗಿತ್ತು. ಹಿಮ್ಮುಖ ಓಟದ ಪಂದ್ಯಗಳನ್ನೇ ಇಟ್ಟು ಡಚ್ಚರು ಮಜಾ ತೆಗೆದುಕೊಂಡರು. ರಬ್ಬರಿನ ಬದಲು ಉಕ್ಕಿನ ತುಣುಕುಗಳನ್ನು ಪೋಣಿಸಿದ ಬೆಲ್ಟನ್ನೂ ವಾನ್ ಡೋರ್ನರ ಬಳಗವೇ ಬೆಳೆಸಿತು. 1987ರಲ್ಲಿ ಸುಬಾರು ಜಸ್ಟಿ ಅದನ್ನು ತೊಟ್ಟು ರಸ್ತೆಗಿಳಿಯಿತು. ಕುತೂಹಲವಿದ್ದವರು ಐಂಡ್‌ಹೋವನ್‌ನ ಡಾಫ್ ವಸ್ತುಸಂಗ್ರಹಾಲಯಕ್ಕೆ ಒಂದು ಭಾನುವಾರ ಹೋಗಿಬರಬಹುದು.

ಡಾಫ್ 600 ಕಾಣಿಸಿಕೊಂಡ ಮರುವರ್ಷ, 1959ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೋರ್ ಎಂಬ ಊರಿನಿಂದ ಜೋಸೆಫ್ ಅರ್ಮಾಂ ಬೊಂಬಾರ್ಡಿಯರ್ ಅವರ 'ಸ್ಕಿ-ಡೂ' ಹೊರಬಂತು. ಇಂದಿನ ಹಗುರ ಹಿಮಬಂಡಿಗಳ ಮೂಲಪುರುಷ ಅದು. ಈ ಬಂಡಿಗಳಿಗೂ ಬೆಲ್ಟು ಮತ್ತು ಎರಡು ರಾಟೆಗಳ ವ್ಯವಸ್ಥೆಯೇ ರೂಢಿಯಾಯಿತು.

ನಮ್ಮ ಕಡೆಗೆ ಇದನ್ನು ತಂದದ್ದು 1984ರ ಕೈನೆಟಿಕ್ ಹೋಂಡಾ. ಗೇರು ಬದಲಿಸುತ್ತ ಎಡಗೈ ನೋಯಿಸಿಕೊಂಡವರ ಪಾಲಿಗೆ ಅದು ವರದಂತೆ ಬಂತು. ಸೀರೆಯುಟ್ಟ ಅಧ್ಯಾಪಕಿಯರು, ಬ್ಯಾಂಕಿನ ನೌಕರೆಯರು ನಿಶ್ಚಿಂತೆಯಿಂದ ಗಾಡಿ ಹತ್ತಿದರು. 2001ರಲ್ಲಿ ಬಂದ ಆಕ್ಟಿವಾ ಮನೆಮಾತಾಯಿತು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾದ ದೊಡ್ಡ ಕಾರ್ಖಾನೆ ಶುರುವಾಯಿತು. ಚಿನ್ನಕ್ಕೆ ಹೆಸರಾದ ಜಿಲ್ಲೆಗೆ ಗಾಡಿಯ ಹೆಸರೂ ಸೇರಿತು.

ಗಾಡಿ ಹೇಳುವ ಮಾತು

ಊರಿನ ಮೆಕ್ಯಾನಿಕ್ಕುಗಳಿಗೆ ಒಂದು ಚೆಂದದ ಪರಿಭಾಷೆಯಿದೆ. "ಪಿಕಪ್ ಇಲ್ಲ ಸಾರ್", "ಜರ್ಕ್ ಹೊಡೀತಿದೆ", "ಬೆಲ್ಟ್ ಜಾರ್ತಿದೆ". ಈ ಮೂರು ಮಾತಿನಲ್ಲಿ ಅರ್ಧ ರೋಗನಿದಾನವಿದೆ. ಸ್ವಲ್ಪ ಬಿಡಿಸಿ ನೋಡೋಣ.

ಇಂಜಿನ್ ಜೋರಾಗಿ ಅರಚುತ್ತದೆ, ಗಾಡಿ ಮಾತ್ರ ಓಡುವುದಿಲ್ಲ: ಬೆಲ್ಟು ಅಥವಾ ಶೂ ಜಾರುತ್ತಿದೆ. ಹಿಟ್ಟಿನ ಗಿರಣಿಯ ಪಟ್ಟೆ ಜಾರುವಾಗ ಬರುತ್ತಿದ್ದ ಸುಟ್ಟ ವಾಸನೆ ನೆನಪಿದೆಯೇ? ಅದೇ ವಾಸನೆ ಇಲ್ಲೂ ಬರುತ್ತದೆ.

ಮೊದಲಿನಷ್ಟು ವೇಗ ಮುಟ್ಟುವುದಿಲ್ಲ: ಬೆಲ್ಟು ಸವೆದು ಕಿರಿದಾಗಿದೆ. ಇಲ್ಲಿ ಸಣ್ಣ ಲೆಕ್ಕವಿದೆ. ರಾಟೆಯ ಗೋಡೆಗಳು ಒಂದೊಂದು ಬದಿಗೆ ಸುಮಾರು 14 ಡಿಗ್ರಿ ಓರೆಯಾಗಿದ್ದರೆ, ಬೆಲ್ಟಿನ ಅಗಲ 1 ಮಿ.ಮೀ. ಸವೆದಾಗ ಅದು ಸುಮಾರು 2 ಮಿ.ಮೀ. ಆಳಕ್ಕೆ ಇಳಿಯುತ್ತದೆ. ಮುಂದಿನ ರಾಟೆಯ ಅಂಚನ್ನು ಮುಟ್ಟಲಾರದ ಬೆಲ್ಟು ಕೊನೆಯ ಗೇರನ್ನು ಕಳೆದುಕೊಂಡಂತೆ. ಕಣ್ಣಿಗೆ ಕಾಣದ ಸವೆತ ವೇಗದಲ್ಲಿ ಕಾಣುವುದು ಹೀಗೆ.

ಹೊರಡುವಾಗ ಗಡಗಡ ನಡುಗುತ್ತದೆ: ಶೂಗಳ ಮೈ ಕನ್ನಡಿಯಂತೆ ಹೊಳಪಾಗಿದೆ, ಅಥವಾ ಡ್ರಮ್ಮು ಸುಟ್ಟು ಗುಂಡಗಿನ ಆಕಾರ ಕಳೆದುಕೊಂಡಿದೆ.

ಓಡುವಾಗ ವೇಗ ಒಂದೇ ಸಮನೆ ಏರದೆ ತಡೆತಡೆದು ಏರುತ್ತದೆ: ಉರುಳೆಗಳ ಒಂದು ಬದಿ ಚಪ್ಪಟೆಯಾಗಿದೆ. ಉರುಳಬೇಕಾದ್ದು ಎಳೆದಾಡುತ್ತಿದೆ.

ಆಕ್ಸಿಲರೇಟರ್ ಬಿಟ್ಟರೂ ನಿಂತಲ್ಲೇ ಚಕ್ರ ತಿರುಗುತ್ತದೆ: ಶೂಗಳ ಚಿಕ್ಕ ಸ್ಪ್ರಿಂಗು ಸೋತಿದೆ ಅಥವಾ ಮುರಿದಿದೆ. ಇದನ್ನು ನಾಳೆಗೆ ಬಿಡಬೇಡಿ. ಸಿಗ್ನಲ್ಲಿನಲ್ಲಿ ಮುಂದಿನ ಸೈಕಲ್ಲಿಗೆ ಗಾಡಿ ತಾನಾಗಿ ಮುತ್ತಿಕ್ಕೀತು.

ಇವಿಷ್ಟು ಗೊತ್ತಿದ್ದರೆ ಗಾಡಿ ಎದುರಿಗೆ ಇರಬೇಕೆಂದೂ ಇಲ್ಲ. ಭಾನುವಾರದ ಫೋನಿನಲ್ಲಿ ಅಪ್ಪ "ಯಾಕೋ ಗಾಡಿ ಎಳೀತಿಲ್ಲ ಕಣೋ" ಎಂದಾಗ "ಸರ್ವಿಸಿಗೆ ಕೊಡಿ" ಎಂದು ಸುಮ್ಮನಾಗುವ ಬದಲು ಎರಡು ಪ್ರಶ್ನೆ ಕೇಳಬಹುದು: "ಶಬ್ದ ಹೆಚ್ಚಿ ವೇಗ ಬರುತ್ತಿಲ್ಲವೋ, ಶಬ್ದವೂ ಇಲ್ಲವೋ? ಬೆಲ್ಟು ಬದಲಿಸಿ ಎಷ್ಟು ಸಾವಿರ ಕಿಲೋಮೀಟರ್ ಆಯಿತು?" ದೂರದ ಮಕ್ಕಳು ಮಾಡಬಹುದಾದ ಚಿಕ್ಕ ಉಪಕಾರ ಇದು. ಎಪ್ಪತ್ತು ದಾಟಿದವರ ಬೆಲ್ಟು ನಡುರಸ್ತೆಯಲ್ಲಿ ಹರಿಯದೆ ಇರಲಿ.

ಬಿಚ್ಚುವ ಮುನ್ನ

ನೆದರ್ಲೆಂಡ್ಸಿನಲ್ಲಿ ಕೂಲಿ ದುಬಾರಿ, ಕೈಕೆಲಸಕ್ಕೆ ಮರ್ಯಾದೆ ಹೆಚ್ಚು. ಕೆಟ್ಟ ವಸ್ತುಗಳನ್ನು ಒಟ್ಟಾಗಿ ಕೂತು ರಿಪೇರಿ ಮಾಡುವ 'ರಿಪೇರ್ ಕೆಫೆ' ಹುಟ್ಟಿದ್ದೂ ಆಮ್‌ಸ್ಟರ್‌ಡ್ಯಾಮ್‌ನಲ್ಲೇ, 2009ರಲ್ಲಿ. ಹಿತ್ತಲಿನ ಶೆಡ್ಡಿನಲ್ಲಿ ಒಂದು ಶನಿವಾರದ ಬೆಳಿಗ್ಗೆ ಸಾಕು. ಬೇಕಾದ ಸಾಮಾನು ಇಷ್ಟು: ಗಾಡಿಯ ಕೈಪಿಡಿ, ಸಾಕೆಟ್ ಪಾನಾ ಸೆಟ್ಟು, ರಾಟೆಯನ್ನು ಅಲುಗದಂತೆ ಹಿಡಿಯುವ ಹಿಡಿಕೆ, ಬಿಗಿತ ಅಳೆಯುವ ಟಾರ್ಕ್ ಪಾನಾ, ಅಗಲ ಅಳೆಯಲು ವರ್ನಿಯರ್, ಬ್ರೇಕ್ ಕ್ಲೀನರ್, ನಯವಾದ ಉಪ್ಪುಕಾಗದ, ಹಳೆಯ ಪಂಚೆಯ ತುಂಡು, ಧೂಳಿಗೆ ಮಾಸ್ಕು, ಕೈಗವಸು, ಕಣ್ಣಿಗೆ ಕನ್ನಡಕ.

ಇಂಜಿನ್ ತಣ್ಣಗಿರಲಿ. ಗಾಡಿ ನಡುಸ್ಟ್ಯಾಂಡಿನ ಮೇಲೆ ಸಮನೆಲದಲ್ಲಿ ನಿಲ್ಲಲಿ. ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನೂ ಕಳಚಿಡಿ. ಕೆಲಸದ ನಡುವೆ ಇಂಜಿನ್ ಶುರುವಾಗುವ ಮಾತೇ ಇರಬಾರದು.

ಬಿಚ್ಚುವುದು, ನೋಡುವುದು

ಎಡಬದಿಯ ಉದ್ದನೆಯ ಮುಚ್ಚಳದ ಸ್ಕ್ರೂಗಳು ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು, ಆಯಾ ಜಾಗಕ್ಕೆ ಆಯಾ ಸ್ಕ್ರೂ ಚುಚ್ಚಿಡಿ. ಕಿಕ್ಕರ್ ಇದ್ದರೆ ಅದು ಕೂತಿದ್ದ ಕೋನಕ್ಕೆ ಒಂದು ಗುರುತು ಹಾಕಿ. ಮುಚ್ಚಳ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟದೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ತೆಗೆದೊಡನೆ ಕಾಣುವುದು ಕಪ್ಪು ಪುಡಿ. ಬೆಲ್ಟು ಮತ್ತು ಶೂಗಳ ಸವೆತ ಅದು. ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಪುಡಿ ಒಣಗಿದ್ದರೆ ಸಹಜ. ಎಣ್ಣೆಯಲ್ಲಿ ಕಲೆಸಿದಂತಿದ್ದರೆ ಎಲ್ಲೋ ಎಣ್ಣೆಯ ಸೀಲು ಸೋರುತ್ತಿದೆ. ಅದನ್ನು ಸರಿಮಾಡದೆ ಹೊಸ ಬೆಲ್ಟು ಹಾಕಿದರೆ ಹಣ ನೀರಿಗೆ ಹಾಕಿದಂತೆ.

ಮುಂದಿನ ನಟ್ಟು ಬಿಚ್ಚುವಾಗ ರಾಟೆ ಜೊತೆಯಲ್ಲೇ ತಿರುಗುತ್ತದೆ. ಫ್ಯಾನಿನ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ತಡೆಯುವುದು ಬೀದಿಬದಿಯ ಉಪಾಯ. ರೆಕ್ಕೆ ಮುರಿಯುತ್ತದೆ, ರಾಟೆಯ ತೂಕದ ಸಮತೋಲ ಹೋಗುತ್ತದೆ. ಹಿಡಿಕೆಯನ್ನೇ ಬಳಸಿ. ನಟ್ಟು, ಹೊರತಟ್ಟೆ, ಬೆಲ್ಟು, ಆಮೇಲೆ ಉರುಳೆಗಳಿರುವ ಒಳತಟ್ಟೆ, ಹೀಗೆ ಕ್ರಮವಾಗಿ ಹೊರಗೆ ಬರಲಿ. ಒಳತಟ್ಟೆಯನ್ನು ಎಳೆಯುವಾಗ ಅದರ ಬೆನ್ನಿನ ಫಲಕವನ್ನು ಬೆರಳಿನಿಂದ ಒತ್ತಿ ಹಿಡಿದಿರಿ. ಬಿಟ್ಟರೆ ಉರುಳೆಗಳು ಶೆಡ್ಡಿನ ಆರು ಮೂಲೆ ಹುಡುಕುತ್ತವೆ.

ಬೆಲ್ಟನ್ನು ಒಳಮೈ ಹೊರಗೆ ಕಾಣುವಂತೆ ಬಗ್ಗಿಸಿ ಬಿರುಕು ನೋಡಿ. ದಾರದ ಎಳೆ ಹೊರಬಂದಿದ್ದರೆ, ಹಲ್ಲಿನ ಬುಡ ಸೀಳಿದ್ದರೆ ಯೋಚನೆಯೇ ಬೇಡ, ಬದಲಿಸಿ. ಅಗಲವನ್ನು ವರ್ನಿಯರಿನಲ್ಲಿ ಮೂರು ಕಡೆ ಅಳೆದು ಕೈಪಿಡಿಯ ಮಿತಿಗೆ ಹೋಲಿಸಿ. ಬೆಲ್ಟು ಎಷ್ಟು ಕಿಲೋಮೀಟರಿಗೆ ಎಂಬುದಕ್ಕೂ ಕೈಪಿಡಿಯೇ ಪ್ರಮಾಣ. ಉರುಳೆಗಳನ್ನು ಮೇಜಿನ ಮೇಲೆ ಉರುಳಿಸಿ ನೋಡಿ. ಕುಂಟಿದರೆ ಆರನ್ನೂ ಒಟ್ಟಿಗೆ ಬದಲಿಸಿ. ತೂಕ ಮೊದಲಿನದೇ ಇರಲಿ. ಹಗುರವಾದರೆ ಇಂಜಿನ್ ಸದಾ ಅರಚುತ್ತದೆ, ಭಾರವಾದರೆ ಏರಿನಲ್ಲಿ ಏದುಸಿರು ಬಿಡುತ್ತದೆ. ಉರುಳೆಗಳ ಜಾಗಕ್ಕೆ ಗ್ರೀಸ್ ಬಳಿಯಬೇಕೆಂಬ ಆಸೆ ಹಲವರಿಗೆ. ಬಹುಪಾಲು ಗಾಡಿಗಳಲ್ಲಿ ಇವು ಒಣಗಿಯೇ ಇರಬೇಕು. ಕೈಪಿಡಿ ಬೇಕು ಎಂದರೆ ಮಾತ್ರ ಗ್ರೀಸು. ಹಿಂದಿನ ರಾಟೆಯ ಓರೆದಾರಿ ಮತ್ತು ಕೀಲುಗಳಿಗೆ ಮಾತ್ರ ಗ್ರೀಸ್ ಬೇಕು.

ಹಿಂದಿನ ಡ್ರಮ್ಮಿನ ಒಳಮೈ ನೀಲಿಗಟ್ಟಿದ್ದರೆ ಅದು ಅತಿ ಕಾದಿದೆ ಎಂದರ್ಥ. ಶೂಗಳ ಹೊಳಪನ್ನು ಉಪ್ಪುಕಾಗದದಿಂದ ಹದವಾಗಿ ಉಜ್ಜಿ ತೆಗೆಯಬಹುದು.

ಇಲ್ಲೊಂದು ಗೆರೆ ಎಳೆಯುತ್ತೇವೆ. ಶೂಗಳ ನಡುವೆ ಇರುವ ದೊಡ್ಡ ನಟ್ಟಿನ ಹಿಂದೆ ಆ ದಪ್ಪ ಸ್ಪ್ರಿಂಗು ಅಮುಕಿ ಕೂತಿದೆ. ಸ್ಪ್ರಿಂಗು ಹಿಡಿಯುವ ಸಾಧನವಿಲ್ಲದೆ ಆ ನಟ್ಟು ಬಿಚ್ಚಿದರೆ ಇಡೀ ಕ್ಲಚ್ಚು ಮುಖಕ್ಕೆ ಹಾರುತ್ತದೆ. ಸಾಧನವಿಲ್ಲದವರು ಅಲ್ಲಿಗೇ ನಿಲ್ಲಿಸಿ, ಆ ಭಾಗವನ್ನಷ್ಟೇ ಅಂಗಡಿಗೆ ಒಯ್ಯಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ಕೂರಿಸುವುದು, ಮತ್ತು ಸುಳ್ಳು ಹೇಳುವ ನಟ್ಟು

ಈ ಲೇಖನದಲ್ಲಿ ಒಂದೇ ಭಾಗ ಓದುವವರಿದ್ದರೆ ಇದನ್ನು ಓದಲಿ.

ರಾಟೆಗಳ ಮುಖವನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ ಒಣಗಿಸಿ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕಿಗೆ ಇರಲಿ. ಗ್ರೀಸಿನ ಕೈಯಲ್ಲಿ ಬೆಲ್ಟು ಮುಟ್ಟಬೇಡಿ.

ಮೊದಲು ಹಿಂದಿನ ರಾಟೆ. ಅದರ ತಟ್ಟೆಗಳನ್ನು ಎರಡೂ ಕೈಯಿಂದ ಅಗಲಿಸಿ ಬೆಲ್ಟನ್ನು ಕಂಠದ ಆಳಕ್ಕೆ ಒತ್ತಿ ಇಳಿಸಿ. ಆಗ ಮುಂದಿನ ಕಡೆ ಬೆಲ್ಟು ಸಡಿಲವಾಗಿ ಜೋಲುತ್ತದೆ. ಆ ಸಡಿಲವೇ ನಮಗೆ ಬೇಕಾದದ್ದು. ಮುಂದಿನ ಒಳತಟ್ಟೆಯನ್ನು ಅದರ ನಡುಗೊಳವೆಯ ('ಬುಷ್') ಜೊತೆ ದಂಡಕ್ಕೆ ತೂರಿಸಿ, ಬೆಲ್ಟನ್ನು ಕೊಳವೆಯ ಮೇಲೆ ಇಳಿಬಿಟ್ಟು, ಹೊರತಟ್ಟೆಯನ್ನು ದಂಡದ ಹಲ್ಲುಗೆರೆಗಳಿಗೆ ಹೊಂದಿಸಿ ಒಳಕ್ಕೆ ತಳ್ಳಿ. ಹೊರತಟ್ಟೆ ಆ ಕೊಳವೆಯ ತುದಿಗೆ ಒತ್ತಿ ಕೂರಬೇಕು. ಲೋಹಕ್ಕೆ ಲೋಹ.

ಅವಸರದಲ್ಲಿ ಆಗುವುದೇನು? ಹಿಂದೆ ಬೆಲ್ಟು ಆಳಕ್ಕೆ ಇಳಿದಿರುವುದಿಲ್ಲ. ಮುಂದೆ ಅದು ಬಿಗಿಯಾಗಿ, ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ನಟ್ಟು ತಿರುಗಿಸುತ್ತೀರಿ. ಬಿಗಿಯಾಗುತ್ತದೆ. ಟಾರ್ಕ್ ಪಾನಾ ಕೂಡ 'ಟಿಕ್' ಎಂದು ಸೈ ಎನ್ನುತ್ತದೆ. ಆದರೆ ನಟ್ಟು ಒತ್ತಿ ಹಿಡಿದಿರುವುದು ಲೋಹವನ್ನಲ್ಲ, ನಡುವೆ ಸಿಕ್ಕಿದ ರಬ್ಬರನ್ನು! ಇಂಜಿನ್ ನಾಲ್ಕು ಸುತ್ತು ತಿರುಗಿದೊಡನೆ ಬೆಲ್ಟು ತನ್ನ ಜಾಗಕ್ಕೆ ಸರಿಯುತ್ತದೆ. ನಟ್ಟಿನ ಹಿಂದೆ ಖಾಲಿ ಜಾಗ ಉಳಿಯುತ್ತದೆ. ತಟ್ಟೆ ಅಲುಗಾಡುತ್ತ ದಂಡದ ಹಲ್ಲುಗೆರೆಗಳನ್ನು ಕೊರೆದು ಹಾಕುತ್ತದೆ. ಆ ದಂಡ ಬದಲಿಸಲು ಇಂಜಿನ್ನನ್ನೇ ಸೀಳಬೇಕು. ನೂರು ಯೂರೋ ಒಳಗೆ ಮುಗಿಯುವ ಕೆಲಸ ಗಾಡಿಯ ಬೆಲೆಯನ್ನೇ ಕೇಳುತ್ತದೆ. ಅದು ರಸ್ತೆಯ ಮೇಲೆ ನಡೆದರೆ ಕೇಳುವುದು ಗಾಡಿಯ ಬೆಲೆಯನ್ನು ಮಾತ್ರವಲ್ಲ.

ಆದ್ದರಿಂದ ನಟ್ಟಿನ ಮಾತನ್ನಷ್ಟೇ ನಂಬದೆ ಮೂರು ಸಾಕ್ಷಿ ಕೇಳಿ. ಒಂದು, ಬಿಗಿ ಮಾಡಿದ ಮೇಲೂ ಮುಂದಿನ ಬೆಲ್ಟು ಬೆರಳಿಗೆ ಸಡಿಲವಾಗಿ ಅಲುಗಬೇಕು. ಎರಡು, ದಂಡದ ಮರೆ ನಟ್ಟಿನಿಂದಾಚೆಗೆ ಬಿಚ್ಚುವ ಮೊದಲು ಎಷ್ಟು ಕಾಣುತ್ತಿತ್ತೋ ಅಷ್ಟೇ ಕಾಣಬೇಕು. (ಅದಕ್ಕೇ ಬಿಚ್ಚುವ ಮುನ್ನ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು.) ಮೂರು, ಕೈಯಿಂದ ತಿರುಗಿಸಿದಾಗ ಹೊರತಟ್ಟೆ ಓಲಾಡದೆ ನೇರವಾಗಿ ತಿರುಗಬೇಕು. ಮೂರೂ ಹೌದು ಎಂದರೆ ಮಾತ್ರ ಮುಚ್ಚಳ ಹಾಕಿ. ಕೊನೆಯ ಬಿಗಿತ ಟಾರ್ಕ್ ಪಾನಾದಿಂದಲೇ, ಕೈಪಿಡಿ ಹೇಳಿದಷ್ಟೇ. ಗಾಳಿ ಗನ್ನಿನಿಂದ ಬೇಡ.

ಮುಚ್ಚಳ ಮುಚ್ಚಿದ ಮೇಲೆ ಸ್ಟ್ಯಾಂಡಿನ ಮೇಲೆಯೇ ಇಂಜಿನ್ ಶುರುಮಾಡಿ, ಹಿಂಚಕ್ರ ಸರಾಗವಾಗಿ ತಿರುಗುವುದನ್ನು ನೋಡಿ. ಹೊಸ ಬೆಲ್ಟಿಗೆ ಮೊದಲ ಕೆಲವು ದಿನ ಹೊಸ ಸೊಸೆಯ ಉಪಚಾರವಿರಲಿ. ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ಬೇಡ. ಕೊಳೆಬಟ್ಟೆ, ಕ್ಲೀನರಿನ ಡಬ್ಬಿಗಳನ್ನು ನಗರಸಭೆಯ ತ್ಯಾಜ್ಯಕೇಂದ್ರಕ್ಕೆ ಒಪ್ಪಿಸಿ.

ಹಿಮಬಂಡಿಯಲ್ಲಿ ಬೇರೆ ಏನು?

ಹಿಮಬಂಡಿಯಲ್ಲಿ ಪ್ರತ್ಯೇಕ ಶೂ, ಡ್ರಮ್ಮು ಸಾಮಾನ್ಯವಾಗಿ ಇರುವುದಿಲ್ಲ. ಇಂಜಿನ್ ನಿಧಾನವಾಗಿರುವಾಗ ಮುಂದಿನ ತಟ್ಟೆಗಳು ಪೂರ್ತಿ ಅಗಲಿ, ಬೆಲ್ಟು ಹಿಡಿತವಿಲ್ಲದೆ ಕೂತಿರುತ್ತದೆ. ವೇಗ ಏರಿದಾಗ ತಟ್ಟೆಗಳೇ ಬೆಲ್ಟನ್ನು ಹಿಡಿಯುತ್ತವೆ. ಮುಂದಿನ ರಾಟೆಯೇ ಕ್ಲಚ್ಚು. ಅದಕ್ಕೇ ಅಲ್ಲಿನವರು ಮುಂದಿನದನ್ನೂ ಹಿಂದಿನದನ್ನೂ ಕ್ಲಚ್ ಎಂದೇ ಕರೆಯುತ್ತಾರೆ.

ಮುಂದಿನ ಕ್ಲಚ್ಚು ಹೆಚ್ಚಿನ ಬಂಡಿಗಳಲ್ಲಿ ಶಂಕುವಿನಾಕಾರದ ದಂಡದ ಮೇಲೆ ಕೂತಿರುತ್ತದೆ. ಎಳೆದರೆ ಬರುವುದಿಲ್ಲ, ಆಯಾ ಮಾದರಿಯ 'ಪುಲ್ಲರ್' ಬೇಕು. ಮತ್ತೆ ಕೂರಿಸುವಾಗ ಆ ಶಂಕು ಮತ್ತು ಕ್ಲಚ್ಚಿನ ಒಳಮೈ ಎರಡೂ ಶುಭ್ರವಾಗಿ, ಒಣಗಿ ಇರಬೇಕು. ಅಲ್ಲಿ ಎಣ್ಣೆ, ಗ್ರೀಸು ನಿಷಿದ್ಧ. ಹಿಡಿತ ಬರುವುದೇ ಒಣ ಲೋಹದಿಂದ. ಎರಡು ರಾಟೆಗಳ ನಡುವಿನ ಅಂತರ, ಅವು ಒಂದೇ ಗೆರೆಯಲ್ಲಿರುವುದು, ಹಿಂದಿನ ರಾಟೆಯಲ್ಲಿ ಬೆಲ್ಟು ಕೂತ ಎತ್ತರ, ಇವನ್ನು ಕೈಪಿಡಿಯಂತೆ ಅಳೆಯಬೇಕು. ಹೊಸ ಬೆಲ್ಟನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಹಾಕುವುದು ಅಲ್ಲಿನ ರೂಢಿ. ಬೆಟ್ಟದ ಮೇಲೆ ಗಾಳಿ ತೆಳುವಾಗಿ ಇಂಜಿನ್ನಿನ ಕಸುವು ಇಳಿಯುವುದರಿಂದ ಹಗುರ ತೂಕ ಬದಲಿಸಿಕೊಳ್ಳುತ್ತಾರೆ. ಸಮುದ್ರಮಟ್ಟಕ್ಕಿಂತ ನಾಲ್ಕೈದು ಮೀಟರ್ ಕೆಳಗೆ ವಾಸಿಸುವ ನಮಗೆ ಆ ಚಿಂತೆಯಿಲ್ಲ!

ಬಾಡಿಗೆಗೆ ಹಿಮಬಂಡಿ ಹಿಡಿಯುವವರು ಒಂದು ಪ್ರಶ್ನೆ ಮರೆಯದೆ ಕೇಳಿ: "ಹೆಚ್ಚುವರಿ ಬೆಲ್ಟು ಬಂಡಿಯಲ್ಲಿದೆಯೇ?" ಹೂಫ್‌ಡಾರ್ಪ್‌ನಲ್ಲಿ ಬೆಲ್ಟು ಹರಿದರೆ ಬಸ್ಸಿದೆ. ಮೈನಸ್ ಇಪ್ಪತ್ತರ ಕಾಡಿನಲ್ಲಿ ಹರಿದರೆ ಮಂಡಿಯುದ್ದದ ಹಿಮದಲ್ಲಿ ನಡಿಗೆ.

ಒಂದು ಪುಟ್ಟ ಉಂಗುರ

ನಮ್ಮ ಹದಿಹರೆಯದ ಮಕ್ಕಳಿರುವ ಮನೆಗಳಿಗೆ ಕೊನೆಯ ಮಾತು. ಹದಿನಾರಾದರೆ ಇಲ್ಲಿ ಪರವಾನಗಿ ಸಿಗುತ್ತದೆ. ನೀಲಿ ಫಲಕದ 'ಸ್ನೋರ್‌ಫಿಟ್ಸ್'ಗೆ ಗಂಟೆಗೆ 25 ಕಿ.ಮೀ. ಮಿತಿ, ಹಳದಿ ಫಲಕದ 'ಬ್ರೋಮ್‌ಫಿಟ್ಸ್'ಗೆ 45. ನೀಲಿ ಫಲಕದವರಿಗೂ 2023ರ ಜನವರಿ 1ರಿಂದ ಹೆಲ್ಮೆಟ್ ಕಡ್ಡಾಯ. ಅನೇಕ ಗಾಡಿಗಳಲ್ಲಿ ಈ ವೇಗಮಿತಿ ಇರುವುದು ವೇರಿಯೇಟರಿನ ಕೊಳವೆಯ ಮೇಲಿನ ಒಂದು ಲೋಹದ ಉಂಗುರದಲ್ಲಿ. ಅದು ತಟ್ಟೆಗಳನ್ನು ಪೂರ್ತಿ ಕೂಡದಂತೆ ತಡೆಯುತ್ತದೆ. ಮುಚ್ಚಳ ಬಿಚ್ಚಿದ ಹುಡುಗರಿಗೆ ಮೊದಲು ಕಾಣುವುದೂ ಅದೇ, ತೆಗೆದು ಜೇಬಿಗೆ ಹಾಕಬೇಕೆನಿಸುವುದೂ ಅದೇ.

ತೆಗೆದರೆ ಗಾಡಿ ಓಡುತ್ತದೆ, ನಿಜ. ಆದರೆ ಪೊಲೀಸರು ರಸ್ತೆಬದಿಯಲ್ಲೇ ಗಾಡಿಯನ್ನು ಉರುಳೆಗಳ ಮೇಲೆ ಓಡಿಸಿ ವೇಗ ಅಳೆಯುತ್ತಾರೆ. ದಂಡ ಬೀಳುತ್ತದೆ. ಅಪಘಾತವಾದರೆ ವಿಮೆಯವರು ಇನ್ನೊಬ್ಬರಿಗೆ ಕೊಟ್ಟ ಪರಿಹಾರವನ್ನು ನಮ್ಮಿಂದಲೇ ವಸೂಲಿ ಮಾಡಬಹುದು. ಆ ಗಾಡಿಯ ಬ್ರೇಕು, ಟೈರುಗಳು ಎಷ್ಟು ವೇಗಕ್ಕೆಂದು ಮಾಡಿದ್ದೋ ಅದನ್ನು ಮೀರಿದ ವೇಗ ಅದು.

ಗದರಿಸುವುದಕ್ಕಿಂತ ಒಳ್ಳೆಯ ದಾರಿ ನಮಗೆ ತೋಚುವುದು, ಮುಚ್ಚಳವನ್ನು ಮಕ್ಕಳ ಜೊತೆಯೇ ಬಿಚ್ಚುವುದು. ಉಂಗುರ ಏನು, ಯಾಕಿದೆ, ತೆಗೆದರೆ ಬೆಲ್ಟು ಎಲ್ಲಿಗೆ ಏರುತ್ತದೆ ಎಂದು ತೋರಿಸಿ, ಅವರ ಕೈಯಿಂದಲೇ ಮತ್ತೆ ಕೂರಿಸುವುದು. ರಾಟೆ, ಕೀಲು, ಮರೆ, ಉರುಳೆ, ಪಾನಾ ಎಂಬ ಮಾತುಗಳು ಕೈಗೆ ಮಸಿ ಹತ್ತಿದಾಗ ಅವರ ನಾಲಿಗೆಗೂ ಹತ್ತುತ್ತವೆ. ಭಾನುವಾರದ ಕನ್ನಡ ತರಗತಿ ಕೊಡಲಾಗದ ಪದಗಳು ಇವು.

ನಿಮ್ಮ ಊರಿನ ಗ್ಯಾರೇಜಿನ ಪದಗಳು ನೆನಪಿದ್ದರೆ ಬರೆದು ಕಳಿಸಿ. ಒಟ್ಟು ಮಾಡಿ ಮುಂದಿನ ಓಲೆಯಲ್ಲಿ ಹಂಚಿಕೊಳ್ಳುತ್ತೇವೆ. ಅಲ್ಲಿಯವರೆಗೆ ನಿಮ್ಮ ಬೆಲ್ಟು ಜಾರದಿರಲಿ, ನಿಮ್ಮ ನಟ್ಟು ನಿಜ ಹೇಳಲಿ.

ಸಿರಿಗನ್ನಡಂ ಗೆಲ್ಗೆ.